ಮೌಸ್ ಯಾರ ಕೈಯಲ್ಲಿದೆ: ಹಳ್ಳಿ ಶಾಲೆಗೆ ತಂತ್ರಜ್ಞಾನದ ವಿನ್ಯಾಸ ಮತ್ತು ಮೌಲ್ಯಮಾಪನ

ಅಭ್ಯಾಸ ಪಾಠದ ವೀಕ್ಷಣಾ ನಮೂನೆಯಲ್ಲಿ 'ತಂತ್ರಜ್ಞಾನದ ಬಳಕೆ' ಎಂಬ ಒಂದು ಸಾಲಿದೆ. ಪ್ರಶಿಕ್ಷಣಾರ್ಥಿ ಪ್ರೊಜೆಕ್ಟರ್ ಹಚ್ಚಿದರೆ ಆ ಸಾಲಿಗೆ ಅಂಕ ಬೀಳುತ್ತದೆ, ಹಚ್ಚದಿದ್ದರೆ ಇಲ್ಲ. ಹೀಗಾಗಿ ಕರೆಂಟ್ ಇರುವ ಶಾಲೆ ಸಿಕ್ಕವರು ಪುಣ್ಯವಂತರು ಎಂಬ ಮಾತು ಪ್ರತಿ ವರ್ಷ ಶಾಲಾ ಹಂಚಿಕೆಯ ಹೊತ್ತಿಗೆ ಕೇಳಿಬರುತ್ತದೆ. ಆ ಸಾಲನ್ನು ತುಂಬುವಾಗ ಈಚಿನ ವರ್ಷಗಳಲ್ಲಿ ನಾನು ಬೇರೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುತ್ತಿದ್ದೇನೆ. ಆ ನಲವತ್ತು ನಿಮಿಷದಲ್ಲಿ ಉಪಕರಣವನ್ನು ಕೈಯಲ್ಲಿ ಹಿಡಿದವರು ಯಾರು, ಬರೀ ನೋಡುತ್ತ ಕೂತವರು ಯಾರು? ಪಾಠ ಮುಗಿದ ಮೇಲೆ ಈ ಎರಡು ಗುಂಪುಗಳಿಗೆ ತಿಳಿದದ್ದರಲ್ಲಿ ವ್ಯತ್ಯಾಸವಿದೆಯೇ?

ಈ ಪ್ರಶ್ನೆ ನನಗೆ ಹೊಳೆದದ್ದು ಬೆಂಗಳೂರಿನಲ್ಲೇ ಹುಟ್ಟಿದ ಒಂದು ಸಂಶೋಧನೆಯಿಂದ. ಸೌಲಭ್ಯ ಕಡಿಮೆ ಇರುವ ಸಮುದಾಯಗಳಿಗಾಗಿ ತಂತ್ರಜ್ಞಾನವನ್ನು ಹೇಗೆ ರೂಪಿಸಬೇಕು, ಅದು ಫಲ ಕೊಟ್ಟಿತೇ ಎಂದು ಹೇಗೆ ಅಳೆಯಬೇಕು ಎಂಬ ಎರಡಕ್ಕೂ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕಂಪ್ಯೂಟರ್ ಶಿಕ್ಷಣದ ಪತ್ರಿಕೆ ಪಾಠ ಮಾಡುವಾಗ ಪ್ರತಿ ತಂಡಕ್ಕೂ ಇದನ್ನೇ ಮೊದಲು ಹೇಳುತ್ತೇನೆ.

ಮೈಕ್ರೋಸಾಫ್ಟ್ ಕಂಪನಿಯ ಸಂಶೋಧನಾ ಕೇಂದ್ರ 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ತೊಯಾಮಾ ಮೊದಲಾದವರು ಹಳ್ಳಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಕೂತು ನೋಡಿದರು. ನಮಗೆಲ್ಲ ಗೊತ್ತಿರುವ ದೃಶ್ಯವೇ ಅವರಿಗೂ ಕಂಡದ್ದು. ಕಂಪ್ಯೂಟರ್ ಒಂದು, ಅದರ ಸುತ್ತ ಮಕ್ಕಳ ಗುಂಪು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಉಳಿದವರು ಹೆಗಲ ಮೇಲಿಂದ ಇಣುಕುವವರು, ಹೇಳಿಕೊಡುವವರು, ಸ್ವಲ್ಪ ಹೊತ್ತಿಗೆ ಬೇಸತ್ತು ಕಿಟಕಿ ಕಡೆ ತಿರುಗುವವರು.

ಇಂಥಲ್ಲಿ ನಮಗೆ ಥಟ್ಟನೆ ಹೊಳೆಯುವ ಪರಿಹಾರ ಇನ್ನಷ್ಟು ಕಂಪ್ಯೂಟರ್ ತರಿಸುವುದು. ಆ ಸಂಶೋಧಕರು ಕೊರತೆಯನ್ನು ಒಡೆದು ನೋಡಿದರು. ಪರದೆ ಎಲ್ಲರಿಗೂ ಕಾಣುತ್ತಿದೆ, ಧ್ವನಿ ಎಲ್ಲರಿಗೂ ಕೇಳುತ್ತಿದೆ, ಹಂಚಿಕೊಳ್ಳಲಾಗದೆ ಉಳಿದಿರುವುದು ಮೌಸ್ ಒಂದೇ. ಇಡೀ ಯಂತ್ರದಲ್ಲಿ ಬಹಳ ಅಗ್ಗದ ಭಾಗವೂ ಅದೇ. ಹಾಗಾದರೆ ಒಂದೇ ಕಂಪ್ಯೂಟರಿಗೆ ಐದು ಮೌಸ್ ಸಿಕ್ಕಿಸಿದರೆ? ಅವರು ಬರೆದ ತಂತ್ರಾಂಶದಲ್ಲಿ ಪ್ರತಿ ಮೌಸ್‌ಗೂ ಪರದೆಯ ಮೇಲೆ ಬೇರೆ ಬೇರೆ ಬಣ್ಣದ ಬಾಣ ಓಡಾಡುತ್ತಿತ್ತು. ಕೆಂಪು ನನ್ನದು, ಹಸಿರು ನಿನ್ನದು. ಇದಕ್ಕೆ 'ಮಲ್ಟಿಮೌಸ್' ಎಂದು ಹೆಸರಿಟ್ಟರು.

ವಿನ್ಯಾಸದ ಮೊದಲ ಪಾಠ ಇಲ್ಲಿದೆ. ಶಾಲೆಯಲ್ಲಿ ಯಾವುದು ಇಲ್ಲ ಎಂಬ ಪಟ್ಟಿಯಿಂದ ಅವರು ಹೊರಡಲಿಲ್ಲ. ಇರುವ ವಸ್ತುವಿನ ಸುತ್ತ ಮಕ್ಕಳು ನಿಜವಾಗಿ ಹೇಗೆ ಕೂರುತ್ತಾರೆ, ಯಾವ ಹಂತದಲ್ಲಿ ಹೊರಗುಳಿಯುತ್ತಾರೆ ಎಂಬುದರಿಂದ ಹೊರಟರು. ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳಲ್ಲಿ 'ಬೋಧನೋಪಕರಣಗಳು' ಎಂಬ ಶೀರ್ಷಿಕೆಯ ಕೆಳಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಎಂದು ವಸ್ತುಗಳ ಹೆಸರು ಇರುತ್ತದೆ. ಯಾರು ಎಲ್ಲಿ ಕೂರುತ್ತಾರೆ, ಯಾರ ಕೈಗೆ ಏನು ಹೋಗುತ್ತದೆ ಎಂಬುದು ಎಲ್ಲೂ ಇರುವುದಿಲ್ಲ.

ಅಳತೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಬಡ ಕುಟುಂಬಗಳಿಂದ ಬಂದ 238 ಗ್ರಾಮೀಣ ಶಾಲಾ ಮಕ್ಕಳೊಂದಿಗೆ ಅವರು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಮಕ್ಕಳು ಮಾಡಬೇಕಿದ್ದ ಕೆಲಸ ಇಂಗ್ಲಿಷ್ ಪದಗಳನ್ನು ಕಲಿತು ನೆನಪಿಟ್ಟುಕೊಳ್ಳುವುದು. ಮಕ್ಕಳನ್ನು ನಾಲ್ಕು ಬಗೆಯ ವ್ಯವಸ್ಥೆಗಳಿಗೆ ಹಂಚಿದ್ದರು. ಕೆಲವರಿಗೆ ತಲಾ ಒಂದು ಕಂಪ್ಯೂಟರ್, ಒಂದು ಮೌಸ್. ಕೆಲವರಿಗೆ ಗುಂಪಿಗೆ ಒಂದು ಕಂಪ್ಯೂಟರ್, ಒಂದೇ ಮೌಸ್. ಅಂದರೆ ನಮ್ಮ ಶಾಲೆಗಳ ಈಗಿನ ಸ್ಥಿತಿ. ಉಳಿದ ಎರಡೂ ಗುಂಪುಗಳಲ್ಲಿ ಒಂದು ಕಂಪ್ಯೂಟರಿಗೆ ಐವರು, ಐದು ಮೌಸ್. ಈ ಎರಡರ ನಡುವಿನ ವ್ಯತ್ಯಾಸ ಆಟದ ನಿಯಮದಲ್ಲಿ ಮಾತ್ರ. ಒಂದರಲ್ಲಿ ಐವರ ಪೈಕಿ ಯಾರೇ ಮೊದಲು ಸರಿಯುತ್ತರ ಒತ್ತಿದರೂ ಪರದೆ ಮುಂದಕ್ಕೆ ಹೋಗುತ್ತಿತ್ತು. ಇನ್ನೊಂದರಲ್ಲಿ ಐವರೂ ಸರಿಯುತ್ತರ ಒತ್ತುವವರೆಗೆ ಪರದೆ ಕದಲುತ್ತಿರಲಿಲ್ಲ. ಮೊದಲನೆಯದನ್ನು ಪಂದ್ಯದ ನಿಯಮ, ಎರಡನೆಯದನ್ನು ಒಮ್ಮತದ ನಿಯಮ ಎಂದು ಕರೆಯೋಣ.

ಒಟ್ಟಾರೆಯಾಗಿ ನೋಡಿದರೆ, ಐದು ಮೌಸ್ ಹಂಚಿಕೊಂಡ ಮಕ್ಕಳು ತಲಾ ಒಂದು ಕಂಪ್ಯೂಟರ್ ಇದ್ದ ಮಕ್ಕಳಷ್ಟೇ ಪದಗಳನ್ನು ಕಲಿತಿದ್ದರು. ನಾಲ್ಕು ಮೌಸ್ ಹೆಚ್ಚಿಗೆ ಕೊಂಡದ್ದರಿಂದ ಒಂದು ಕಂಪ್ಯೂಟರ್ ಐದು ಕಂಪ್ಯೂಟರಿನ ಕೆಲಸ ಮಾಡಿತು ಎನ್ನಬಹುದು, ಈ ಒಂದು ಬಗೆಯ ಕಲಿಕೆಯ ಮಟ್ಟಿಗಾದರೂ. ಬಿಡಿಸಿ ನೋಡಿದಾಗ ಇನ್ನೂ ಎರಡು ಸಂಗತಿ ಕಂಡವು. ಹುಡುಗಿಯರು ಯಾವ ವ್ಯವಸ್ಥೆಯಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಲಿತರು. ಹುಡುಗರ ಕಲಿಕೆ ಮಾತ್ರ ನಿಯಮದೊಂದಿಗೆ ಏರುಪೇರಾಯಿತು. ಪಂದ್ಯದ ನಿಯಮವಿದ್ದಾಗ ಪದವನ್ನು ಓದುವುದಕ್ಕಿಂತ ಮೊದಲೇ ಒತ್ತುವ ಆತುರ ಅವರದು. ಯಂತ್ರ ಅದೇ, ಮೌಸ್ ಅವೇ, ಪದಗಳೂ ಅವೇ. ಬದಲಾದದ್ದು ಒಂದು ನಿಯಮ.

ಇದನ್ನು ಓದಿದಾಗ ನನ್ನ ಮನಸ್ಸು ಓಡಿದ್ದು ಕಂಪ್ಯೂಟರಿನ ಕಡೆಗಲ್ಲ, ನಮ್ಮ ಪ್ರಶ್ನೋತ್ತರ ವಿಧಾನದ ಕಡೆಗೆ. ಶಿಕ್ಷಕರು ಪ್ರಶ್ನೆ ಹಾಕುತ್ತಾರೆ, ನಾಲ್ಕು ಕೈ ಏಳುತ್ತವೆ, ಒಬ್ಬ ಉತ್ತರಿಸುತ್ತಾನೆ, 'ಸರಿ, ಕೂತ್ಕೋ' ಎಂದು ಪಾಠ ಮುಂದೆ ಹೋಗುತ್ತದೆ. ಇದು ಅಪ್ಪಟ ಪಂದ್ಯದ ನಿಯಮ. ಎಲ್ಲರೂ ಸ್ಲೇಟಿನ ಮೇಲೆ ಉತ್ತರ ಬರೆದು ಒಟ್ಟಿಗೆ ಎತ್ತಿ ಹಿಡಿಯಬೇಕು, ಎಲ್ಲರದೂ ನೋಡಿದ ಮೇಲೆಯೇ ಮುಂದಿನ ಲೆಕ್ಕ ಎಂದರೆ ಅದು ಒಮ್ಮತದ ನಿಯಮಕ್ಕೆ ಹತ್ತಿರ. ಸ್ಲೇಟೂ ಒಂದು ತಂತ್ರಜ್ಞಾನವೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯ ಏಣಿ ಮತ್ತು ಕಾರ್ಡುಗಳೂ ತಂತ್ರಜ್ಞಾನವೇ. ಅಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿಗೆ ತಕ್ಕ ಕಾರ್ಡನ್ನು ತಾನೇ ಕೈಗೆತ್ತಿಕೊಳ್ಳಬೇಕು. ಪ್ಲಗ್ ಇದ್ದರೆ ಮಾತ್ರ ತಂತ್ರಜ್ಞಾನ ಎಂಬ ನಮ್ಮ ನಮೂನೆಯ ತಿಳಿವಳಿಕೆ ಎಷ್ಟು ಸಣ್ಣದು ಎಂದು ಆಗಾಗ ಅನ್ನಿಸುತ್ತದೆ.

ಹೋದ ವರ್ಷ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಎಂಟನೆಯ ತರಗತಿಗೆ ಜೀವಕೋಶದ ಪಾಠವನ್ನು ತನ್ನದೇ ಲ್ಯಾಪ್‌ಟಾಪ್ ತಂದು ಮಾಡಿದಳು. ಕೋಶದ ಭಾಗಗಳನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸುವ ಆಟವನ್ನು ತಾನೇ ತಯಾರಿಸಿದ್ದಳು. ಚಂದದ ಕೆಲಸ. ತರಗತಿಯಲ್ಲಿ ಗದ್ದಲ, ಉತ್ಸಾಹ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಒಂದು ಹಾಳೆಯ ಮೇಲೆ ಮಕ್ಕಳು ಕೂತ ನಕ್ಷೆ ಬರೆದು, ಯಾರು ಲ್ಯಾಪ್‌ಟಾಪ್ ಮುಟ್ಟಿದರೋ ಅವರ ಚೌಕಕ್ಕೆ ಒಂದೊಂದು ಗೆರೆ ಎಳೆಯುತ್ತ ಹೋದೆ. ಪಾಠ ಮುಗಿದ ಮೇಲೆ ಅವಳು ಬಂದು, "ಮೇಡಂ, ಎಲ್ಲರೂ ಭಾಗವಹಿಸಿದರು ಅಲ್ವಾ?" ಎಂದಳು. ನಾನು ಏನೂ ಹೇಳದೆ ನಕ್ಷೆ ಕೊಟ್ಟೆ. ಮುಂದಿನ ಎರಡು ಸಾಲಿನ ನಾಲ್ಕೈದು ಚೌಕಗಳಲ್ಲಿ ಗೆರೆಗಳ ರಾಶಿ, ಉಳಿದ ಕಡೆ ಖಾಲಿ. ಗೋಡೆ ಬದಿಯಲ್ಲಿ ಕೂತಿದ್ದ ಹುಡುಗಿಯರ ಇಡೀ ಸಾಲು ಖಾಲಿ. ಅವಳು ಸ್ವಲ್ಪ ಹೊತ್ತು ನೋಡಿ, "ನಂಗೆ ಗದ್ದಲ ಕೇಳಿ ಎಲ್ಲರೂ ಅಂದ್ಕೊಂಡೆ ಮೇಡಂ" ಎಂದಳು. ಮರುವಾರ ಅದೇ ಆಟವನ್ನು ರಟ್ಟಿನಲ್ಲಿ ಕತ್ತರಿಸಿ ಆರು ಸೆಟ್ ಮಾಡಿ ತಂದಳು. ಲ್ಯಾಪ್‌ಟಾಪನ್ನು ಕೊನೆಯಲ್ಲಿ ಉತ್ತರ ತಾಳೆ ನೋಡಲು ಮಾತ್ರ ಬಳಸಿದಳು. ನನ್ನ ಪ್ರಕಾರ ಅವಳ ತಂತ್ರಜ್ಞಾನದ ಬಳಕೆ ಎರಡನೆಯ ವಾರದಲ್ಲಿ ಹೆಚ್ಚಾಯಿತು. ನಮೂನೆಯ ಪ್ರಕಾರ ಕಡಿಮೆಯಾಯಿತು.

ಗದ್ದಲವನ್ನು ಕಲಿಕೆ ಎಂದುಕೊಳ್ಳುವುದು ದೊಡ್ಡ ಯೋಜನೆಗಳಲ್ಲೂ ನಡೆದಿದೆ. ಮಲ್ಟಿಮೌಸ್ ಪ್ರಯೋಗದಲ್ಲಿ ನಾನು ಮೆಚ್ಚುವುದು ಹೋಲಿಕೆಗೆ ಅವರು ಆರಿಸಿಕೊಂಡ ಗುಂಪುಗಳನ್ನು. ಐದು ಮೌಸ್ ಕೊಟ್ಟಾಗ ಮಕ್ಕಳು ಖುಷಿಪಟ್ಟರೇ ಎಂದು ಕೇಳಿದ್ದರೆ ಖುಷಿಪಟ್ಟರು ಎಂದೇ ಉತ್ತರ ಬರುತ್ತಿತ್ತು. ಹೊಸದು ಏನು ಕೊಟ್ಟರೂ ಮಕ್ಕಳು ಖುಷಿಪಡುತ್ತಾರೆ. ಅವರು ಒಂದು ತುದಿಯಲ್ಲಿ ಈಗಿನ ವಾಸ್ತವ ಸ್ಥಿತಿಯನ್ನೂ ಇನ್ನೊಂದು ತುದಿಯಲ್ಲಿ ಆದರ್ಶ ಸ್ಥಿತಿಯನ್ನೂ ಇಟ್ಟು, ತಮ್ಮ ವಿನ್ಯಾಸ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಹೋಲಿಕೆಯೇ ಇಲ್ಲದ ಮೌಲ್ಯಮಾಪನ ವರದಿ ಉದ್ಘಾಟನಾ ಭಾಷಣಕ್ಕೆ ಒದಗೀತು, ಅಷ್ಟೆ.

ಗುಜರಾತಿನ ಎರಡು ಅಧ್ಯಯನಗಳು ಇದನ್ನು ಇನ್ನೂ ಸ್ಪಷ್ಟಪಡಿಸುತ್ತವೆ. 2000ದಲ್ಲಿ ಆ ರಾಜ್ಯದ ಸರ್ಕಾರ ವಡೋದರಾದ ನಗರಪಾಲಿಕೆ ಪ್ರಾಥಮಿಕ ಶಾಲೆಗಳಲ್ಲಿ ನೂರಕ್ಕೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತು. ಎರಡು ವರ್ಷದ ನಂತರ 'ಪ್ರಥಮ್' ಸಂಸ್ಥೆ ಸಮೀಕ್ಷೆ ಮಾಡಿದಾಗ ಅವುಗಳಲ್ಲಿ ಹೆಚ್ಚಿನವು ಡಬ್ಬದಿಂದ ಹೊರಗೇ ಬಂದಿರಲಿಲ್ಲ, ನಡೆಸಬಲ್ಲವರು ಇರಲಿಲ್ಲ. ಆಮೇಲೆ ಅದೇ ಸಂಸ್ಥೆ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ, ಮಗುವಿನ ಮಟ್ಟಕ್ಕೆ ತಕ್ಕಂತೆ ಕಠಿಣವಾಗುತ್ತ ಹೋಗುವ ಗಣಿತದ ಆಟಗಳನ್ನು ಆಡಿಸಿತು. ಅದರ ಫಲವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಅಳೆದಾಗ, ಎರಡನೆಯ ವರ್ಷದಲ್ಲಿ ಗಣಿತದ ಅಂಕಗಳು 0.47 ಮಾನಕ ವಿಚಲನೆಯಷ್ಟು ಏರಿದ್ದವು. ಸಾಂಖ್ಯಿಕ ಶಾಸ್ತ್ರದ ತರಗತಿಯಲ್ಲಿ ನಾವು ಬರೆಯುವ ಸಾಮಾನ್ಯ ವಕ್ರರೇಖೆಯ ಮೇಲೆ ಇಟ್ಟು ನೋಡಿದರೆ, ನೂರು ಮಕ್ಕಳ ಸಾಲಿನ ನಡುಮಧ್ಯದಲ್ಲಿದ್ದ ಮಗು ಕೆಳಗಿನಿಂದ ಸುಮಾರು 68ನೆಯ ಸ್ಥಾನಕ್ಕೆ ಬಂದಂತೆ. ಇದು ಸಣ್ಣ ಫಲವಲ್ಲ.

ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಭಾಷೆಯಲ್ಲಿ ಏನಾದರೂ ಬದಲಾಯಿತೇ ಎಂದು ನೋಡಿದರು, ಆಗಿರಲಿಲ್ಲ. ಕಾರ್ಯಕ್ರಮ ಮುಗಿದು ಒಂದು ವರ್ಷದ ಮೇಲೆ ಮತ್ತೆ ಪರೀಕ್ಷಿಸಿದಾಗ ಗಣಿತದ ಲಾಭದಲ್ಲಿ ಹೆಚ್ಚಿನ ಪಾಲು ಕರಗಿಹೋಗಿತ್ತು. ಖರ್ಚನ್ನೂ ಲೆಕ್ಕ ಹಾಕಿದರು. ಅದೇ ಅಧ್ಯಯನದಲ್ಲಿ 'ಬಾಲಸಖಿ' ಎಂಬ ಇನ್ನೊಂದು ಕಾರ್ಯಕ್ರಮವೂ ಇತ್ತು. ಪ್ರೌಢಶಿಕ್ಷಣ ಮುಗಿಸಿದ ಅದೇ ಬಡಾವಣೆಯ ಯುವತಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಓದು, ಲೆಕ್ಕ ಕಲಿಸುವುದು ಅದರ ರೀತಿ. ಕಂಪ್ಯೂಟರ್ ಕಾರ್ಯಕ್ರಮಕ್ಕೆ ವರ್ಷಕ್ಕೆ ಮಗುವೊಂದಕ್ಕೆ ಸುಮಾರು 722 ರೂಪಾಯಿ, ಬಾಲಸಖಿಗೆ ಸುಮಾರು 107 ರೂಪಾಯಿ ಖರ್ಚಾಗಿತ್ತು. ಬಾಲಸಖಿಯ ಫಲ ಕಂಪ್ಯೂಟರಿಗಿಂತ ಕಡಿಮೆಯೇ. ಆದರೂ ಖರ್ಚಿನ ಪ್ರತಿ ರೂಪಾಯಿಗೆ ಸಿಕ್ಕ ಕಲಿಕೆ ಅಲ್ಲಿ ಹಲವು ಪಟ್ಟು ಹೆಚ್ಚು. ಹೋಲಿಕೆ ಎಂದರೆ 'ತಂತ್ರಜ್ಞಾನ ಅಥವಾ ಏನೂ ಇಲ್ಲ' ಎಂದಷ್ಟೇ ಅಲ್ಲ. ಅದೇ ಹಣಕ್ಕೆ ಬೇರೇನು ಸಿಗುತ್ತಿತ್ತು ಎಂಬುದೂ ಹೋಲಿಕೆಯೇ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ಪ್ರಶ್ನೆ ಎತ್ತುವ ಮುಖ್ಯ ಶಿಕ್ಷಕರನ್ನು ಜಿಪುಣರು ಎನ್ನುವವರಿದ್ದಾರೆ. ನನಗೆ ಅವರ ಮೇಲೆ ಗೌರವ.

ಎರಡನೆಯ ಅಧ್ಯಯನ 'ಜ್ಞಾನಶಾಲಾ' ಎಂಬ ಸ್ವಯಂಸೇವಾ ಸಂಸ್ಥೆಯ ತರಗತಿಗಳಲ್ಲಿ ಲೀ ಲಿಂಡೆನ್ ಮಾಡಿದ್ದು. ಎರಡು ಮತ್ತು ಮೂರನೆಯ ತರಗತಿಯ ಮಕ್ಕಳಿಗೆ ಒಂದೇ ಬಗೆಯ ಕಂಪ್ಯೂಟರ್ ಕಾರ್ಯಕ್ರಮವನ್ನು ಎರಡು ರೀತಿ ಕೊಟ್ಟು ನೋಡಿದರು. ಕೆಲವೆಡೆ ಶಾಲಾ ಅವಧಿಯಲ್ಲೇ, ಅಂದರೆ ಶಿಕ್ಷಕಿಯ ಪಾಠದ ಬದಲಿಗೆ. ಕೆಲವೆಡೆ ಶಾಲೆಯ ಹೊರಗಿನ ಸಮಯದಲ್ಲಿ, ಅಂದರೆ ಪಾಠದ ಜೊತೆಗೆ. ಬದಲಿಗೆ ಕೊಟ್ಟಲ್ಲಿ ಕಲಿಕೆ 0.57 ಮಾನಕ ವಿಚಲನೆಯಷ್ಟು ಕುಸಿಯಿತು. ಜೊತೆಗೆ ಕೊಟ್ಟಲ್ಲಿ 0.28ರಷ್ಟು ಏರಿತು, ಅದರಲ್ಲೂ ಹಿಂದುಳಿದ ಮಕ್ಕಳು ಹೆಚ್ಚು ಪಡೆದರು. ಈ ಎರಡು ಅಂಕಿಗಳನ್ನು ನಾನು ಕಪ್ಪುಹಲಗೆಯ ಮೇಲೆ ಪಕ್ಕಪಕ್ಕ ಬರೆದು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಕಂಪ್ಯೂಟರ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚಾಸ್ಪರ್ಧೆಯ ವಿಷಯಕ್ಕೆ ಅರ್ಥವಿಲ್ಲ ಎಂದು ಮಕ್ಕಳಿಗೆ, ಅಂದರೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ, ಆಗ ತಾನಾಗಿಯೇ ಗೊತ್ತಾಗುತ್ತದೆ. ಅದು ಏನನ್ನು ತಳ್ಳಿ ಆ ಜಾಗದಲ್ಲಿ ಕೂತಿತು ಎಂದು ಕೇಳಬೇಕು. ಜ್ಞಾನಶಾಲೆಯಲ್ಲಿ ಅದು ತಳ್ಳಿದ್ದು ಚೆನ್ನಾಗಿ ಕಟ್ಟಿದ ಪಾಠವನ್ನು.

ಪೆರು ದೇಶದ ಕಥೆ ಇಲ್ಲಿ ಬಹುಪಾಲು ಎಲ್ಲರಿಗೂ ತಿಳಿದದ್ದೇ, ಚುಟುಕಾಗಿ ಹೇಳುತ್ತೇನೆ. 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಡಿ ಅಲ್ಲಿನ ಬಡ ಗ್ರಾಮೀಣ ಶಾಲೆಗಳಿಗೆ ಲ್ಯಾಪ್‌ಟಾಪ್ ಹಂಚಲಾಯಿತು. 319 ಶಾಲೆಗಳಲ್ಲಿ ನಡೆದು 2012ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ, ಹದಿನೈದು ತಿಂಗಳ ನಂತರ ಮಕ್ಕಳ ಕೈಯಲ್ಲಿ ಯಂತ್ರವೇನೋ ಇತ್ತು, ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಮಾನ್ಯ ಗ್ರಹಣ ಸಾಮರ್ಥ್ಯದ ಪರೀಕ್ಷೆಗಳಲ್ಲಿ ಸ್ವಲ್ಪ ಲಾಭ ಕಂಡಿತು, ಅದನ್ನೂ ಹೇಳಬೇಕು. ಹಾಗಾಗಿ 'ಮುಟ್ಟಿದರೆ ಸಾಕು, ಕಲಿಯುತ್ತಾರೆ' ಎಂದು ನನ್ನ ನಕ್ಷೆಯನ್ನು ಯಾರೂ ಅರ್ಥೈಸಬಾರದು. ಎಲ್ಲರ ಕೈಗೂ ತಲುಪಿತೇ ಎಂಬುದು ಮೊದಲ ಪ್ರಶ್ನೆ ಮಾತ್ರ. ತಲುಪಿದ ಮೇಲೆ ಕೈ ಮಾಡಿದ ಕೆಲಸದಲ್ಲಿ ಪಾಠದ ತಿರುಳು ಇತ್ತೇ ಎಂಬುದು ಅದರ ಹಿಂದೆಯೇ ಬರಬೇಕು.

ಮಲ್ಟಿಮೌಸ್ ತಂಡದಲ್ಲಿದ್ದ ಕೆಂಟಾರೊ ತೊಯಾಮಾ ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕರಾದರು. ಬೆಂಗಳೂರಿನ ವರ್ಷಗಳ ಅನುಭವವನ್ನೂ ಸೇರಿಸಿ 2015ರಲ್ಲಿ 'ಗೀಕ್ ಹೆರೆಸಿ' ಎಂಬ ಪುಸ್ತಕ ಬರೆದರು. ತಂತ್ರಜ್ಞಾನ ಇಲ್ಲದ ಶಕ್ತಿಯನ್ನು ತಂದುಕೊಡುವುದಿಲ್ಲ, ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ ಎಂಬುದು ಅವರ ವಾದದ ಸಾರ. ಚೆನ್ನಾಗಿ ನಡೆಯುವ ಶಾಲೆಗೆ ಅದು ಬಲ ಕೊಡುತ್ತದೆ, ನಡೆಯದ ಶಾಲೆಯನ್ನು ನಡೆಸುವುದಿಲ್ಲ. ನನಗೆ ಈ ವಾದ ಬಹುಮಟ್ಟಿಗೆ ಒಪ್ಪಿಗೆ. ಆದರೆ ಅವರದೇ ಮಲ್ಟಿಮೌಸ್‌ನಲ್ಲಿ ಒಂದು ನಿಯಮ ಬದಲಿಸಿದ್ದಕ್ಕೆ ಹುಡುಗರ ಕಲಿಕೆ ಬದಲಾದದ್ದನ್ನು ನೋಡಿದರೆ, ವಿನ್ಯಾಸಕ್ಕೂ ತನ್ನದೇ ಪಾಲಿದೆ ಎನ್ನಿಸುತ್ತದೆ. ಶಾಲೆ ಅದೇ, ಮಕ್ಕಳು ಅಂಥವರೇ ಇದ್ದಾಗಲೂ ಹಿಗ್ಗಿದ್ದು ಒಮ್ಮೆ ಆತುರ, ಒಮ್ಮೆ ಗಮನ.

ಇನ್ನು ನಮ್ಮ ಕೈಯಳತೆಯ ಕೆಲಸ. ಕ್ರಿಯಾ ಸಂಶೋಧನೆಗೆ 'ಐಸಿಟಿಯ ಪರಿಣಾಮ' ಎಂಬ ಶೀರ್ಷಿಕೆ ಆರಿಸಿಕೊಳ್ಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಹೆಚ್ಚಿನ ವರದಿಗಳಲ್ಲಿ ಪೂರ್ವಪರೀಕ್ಷೆ, ವಿಡಿಯೊ, ಉತ್ತರಪರೀಕ್ಷೆ, ಸರಾಸರಿ ಏರಿದೆ, ಆದ್ದರಿಂದ ವಿಡಿಯೊ ಪರಿಣಾಮಕಾರಿ ಎಂದಿರುತ್ತದೆ. ಬರೀ ಕಪ್ಪುಹಲಗೆಯಲ್ಲಿ ಪಾಠ ಮಾಡಿದ್ದರೂ ಸರಾಸರಿ ಏರುತ್ತಿತ್ತು. ಶಾಲೆಯಲ್ಲಿ ಎ ಮತ್ತು ಬಿ ವಿಭಾಗಗಳಿದ್ದರೆ, ಇಬ್ಬರಿಗೂ ನೀವೇ ಅದೇ ಪಾಠವನ್ನು ಅಷ್ಟೇ ಹೊತ್ತು ಮಾಡಿ, ಒಂದು ಕಡೆ ಮಾತ್ರ ಉಪಕರಣ ಬಳಸಿ. ಉಪಕರಣ ಯಾವ ವಿಭಾಗಕ್ಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಚುರುಕಾದ ವಿಭಾಗಕ್ಕೆ ಉಪಕರಣ ಒಯ್ಯುವ ಆಸೆ ಎಲ್ಲರಿಗೂ ಇರುತ್ತದೆ. ಎರಡೇ ವಿಭಾಗಗಳ ಹೋಲಿಕೆಯಿಂದ ಖಚಿತ ತೀರ್ಮಾನಕ್ಕೆ ಬರಲಾಗದು, ಅದನ್ನು ವರದಿಯಲ್ಲಿ ಬರೆಯಿರಿ. ಆದರೂ ಹೋಲಿಕೆ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಒಂದೇ ವಿಭಾಗವಿದ್ದರೆ ಒಂದು ಪಾಠಾಂಶವನ್ನು ಉಪಕರಣದೊಂದಿಗೆ, ಅಷ್ಟೇ ಕಷ್ಟದ ಇನ್ನೊಂದನ್ನು ಇಲ್ಲದೆ ಮಾಡಿ ನೋಡಬಹುದು.

ಸರಾಸರಿ ಬರೆದ ಮೇಲೆ ಅಂಕಪಟ್ಟಿಯನ್ನು ಮತ್ತೊಮ್ಮೆ ಬಿಡಿಸಿ. ಹುಡುಗಿಯರು, ಹುಡುಗರು, ಪೂರ್ವಪರೀಕ್ಷೆಯಲ್ಲಿ ಕೆಳಗಿದ್ದ ಮೂರನೆಯ ಒಂದು ಭಾಗ, ನಕ್ಷೆಯಲ್ಲಿ ಗೆರೆ ಬಿದ್ದವರು, ಬೀಳದವರು. ಮಲ್ಟಿಮೌಸ್ ಅಧ್ಯಯನದ ಬೆಲೆಬಾಳುವ ಸಂಗತಿ ಒಟ್ಟು ಸರಾಸರಿಯ ಕೆಳಗೆ ಅಡಗಿತ್ತು. ಗೆರೆ ಎಳೆಯುವ ಕೆಲಸವನ್ನು ನಿಮ್ಮ ಸಹಪಾಠಿಗೆ ಕೊಡಿ. ಪಾಠ ಮಾಡುತ್ತಿರುವವರಿಗೆ ಹಿಂದಿನ ಬೆಂಚು ಕಾಣುವುದು ಕಷ್ಟ, ಅದರಲ್ಲೂ ಪ್ರೊಜೆಕ್ಟರಿಗಾಗಿ ಕಿಟಕಿ ಮುಚ್ಚಿದಾಗ. ಖರ್ಚಿನ ಕಲಮಿನಲ್ಲಿ ಉಪಕರಣದ ಬೆಲೆಯ ಜೊತೆಗೆ ತಯಾರಿಗೆ ಹಿಡಿದ ಗಂಟೆಗಳನ್ನೂ, ಕೇಬಲ್ ಸಿಕ್ಕಿಸಲು ಅವಧಿಯಲ್ಲಿ ಕಳೆದುಹೋದ ನಿಮಿಷಗಳನ್ನೂ ಬರೆಯಿರಿ. ನೀವು ಹೋದ ಮೇಲೆ ಇದನ್ನು ನಡೆಸುವವರು ಯಾರು, ಕೊಠಡಿಯ ಕೀಲಿ ಯಾರ ಬಳಿ, ಕೆಟ್ಟರೆ ರಿಪೇರಿಗೆ ಎಲ್ಲಿಗೆ ಹೋಗಬೇಕು ಎಂದು ತರಗತಿ ಶಿಕ್ಷಕರನ್ನೇ ಕೇಳಿ ಅವರ ಮಾತಿನಲ್ಲೇ ದಾಖಲಿಸಿ.

ಉಳಿದದ್ದು ಎರಡನೆಯ ಉತ್ತರಪರೀಕ್ಷೆ. ಪಾಠ ಮುಗಿದ ದಿನವೇ ತೆಗೆದ ಅಂಕ ಎಷ್ಟು ದಿನ ಬಾಳುತ್ತದೆ ಎಂದು ವಡೋದರಾದಲ್ಲಿ ನೋಡಿದೆವು. ನಮ್ಮ ಅಭ್ಯಾಸ ಬೋಧನೆಯ ಅವಧಿ ಮುಗಿದೊಡನೆ ಎಲ್ಲರೂ ಕಾಲೇಜಿಗೆ ಮರಳುವುದರಿಂದ ಈ ಪರೀಕ್ಷೆ ಆಗುವುದೇ ಇಲ್ಲ. ಅದಕ್ಕೆ ಒಂದು ದಾರಿ ಮಾಡಿಕೊಂಡಿದ್ದೇವೆ. ಐದು ಪ್ರಶ್ನೆಗಳ ಚೀಟಿಯನ್ನು ಮಕ್ಕಳ ಸಂಖ್ಯೆಗೆ ಸರಿಯಾಗಿ ಎಣಿಸಿ ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಬರೆದು ತರಗತಿ ಶಿಕ್ಷಕರ ಕೈಗೆ ಕೊಟ್ಟುಬರುವುದು. ಮೂರು ವಾರದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಬರೆಸುತ್ತಾರೆ. ಆ ಊರಿನ ಕಡೆಯಿಂದ ಬಸ್ಸಿನಲ್ಲಿ ಓಡಾಡುವ ಪ್ರಶಿಕ್ಷಣಾರ್ಥಿಯೊಬ್ಬರು ಲಕೋಟೆ ತಂದುಕೊಡುತ್ತಾರೆ. ಕಳೆದ ಸಾಲಿನಲ್ಲಿ ಹೋದ ಲಕೋಟೆಗಳೆಲ್ಲ ವಾಪಸ್ ಬರಲಿಲ್ಲ. ಬಂದವುಗಳನ್ನು ತಿದ್ದುವ ಕೆಲಸ ಈಗ ನಡೆದಿದೆ.